ಒಂದು ಸುತ್ತು ಹೋಗಿ ಬಾ

ಶನಿವಾರ ಬೆಳಗ್ಗೆ ಎಲ್ಡನ್ ಪ್ರೂಯಿಟ್‌ನ ಕಾರು ಒಂದೇ ಒಂದು ಸಲ ಕೆಮ್ಮಿತು. ಕೆಮ್ಮಿದ್ದರಿಂದ ಅಂಥ ಅನಾಹುತವೇನೂ ಆಗುತ್ತಿರಲಿಲ್ಲ. ಕಾರು ಆಗಿನ್ನೂ ಗ್ಯಾರೇಜಿನಿಂದ ಹೊರಗೆ ಬಂದಿತ್ತಷ್ಟೆ. ಮತ್ತೆ ಒಳಗೆ ತಳ್ಳಿ, ಬಾಗಿಲು ಎಳೆದುಕೊಂಡು ನೋಡಬಹುದಿತ್ತು. ಅದನ್ನು ಬಿಟ್ಟು ಎಲ್ಡನ್ ಮನೆಯ ಮುಂದೆ, ಇಡೀ ಬೀದಿಗೆ ಕಾಣುವ ಹಾಗೆ, ಬಾನೆಟ್ ಎತ್ತಿ ನಿಲ್ಲಿಸಿದ.

ನಮ್ಮ ಹಾರ್ಲನ್ ಕ್ರೀಕ್‌ನಲ್ಲಿ ಬಾಗಿಲು ಹಾಕಿಕೊಂಡು ಬಾನೆಟ್ ಎತ್ತಿದರೆ ಅದು ರಿಪೇರಿ, ಬೀದಿಗೆ ಕಾಣುವಂತೆ ಎತ್ತಿದರೆ ಅದು ಕರೆಯೋಲೆ. ಮಿಶಿಗನ್ನಿನ ಈ ಮೂಲೆಯಲ್ಲಿ ಮೂರು ತಲೆಮಾರಿನವರು ಕಾರು ಕಾರ್ಖಾನೆಗಳಲ್ಲೇ ಹೊಟ್ಟೆ ಹೊರೆದವರು. ಕಾರ್ಖಾನೆಗಳು ಮುಚ್ಚಿದವು. ಕಿವಿಗಳು ಮಾತ್ರ ಹಾಗೇ ಉಳಿದುಕೊಂಡಿವೆ. ಮಗು ಅತ್ತರೆ ಏಳದ ಗಂಡಸರು ಇಲ್ಲಿ ಎರಡು ಬೀದಿ ಆಚೆ ಎಂಜಿನ್ನು ತಡವರಿಸಿದರೆ ಎದ್ದು ಕೂರುತ್ತಾರೆ.

ಕಾರು ಯಾವ ಕಂಪನಿಯದು ಎಂದು ನಾನು ಹೇಳುವುದಿಲ್ಲ. ಅರ್ಧ ಬೀದಿ ಒಂದು ಕಂಪನಿಯಲ್ಲಿ ದುಡಿದದ್ದು, ಇನ್ನರ್ಧ ಇನ್ನೊಂದರಲ್ಲಿ. ಹೆಸರು ಹೇಳಿದರೆ ನಾಳೆಯಿಂದ ಅರ್ಧ ಬೀದಿ ನನ್ನ ಜೊತೆ ಮಾತು ಬಿಡುತ್ತದೆ. ಅರವತ್ತರ ದಶಕದ ಕೊನೆಯದು, ಕಡು ಹಸಿರು ಬಣ್ಣ, ಎರಡೇ ಬಾಗಿಲು, ಉದ್ದ ಮೂತಿ, ಅದರೊಳಗೆ ಲಾರಿ ಎಳೆಯುವಷ್ಟು ದೊಡ್ಡ ಎಂಜಿನ್ನು. ಹುಡುಗರಾಗಿದ್ದಾಗ ನಾವೆಲ್ಲ ಇಂಥದ್ದೊಂದರ ಕನಸು ಕಂಡವರೇ.

ಎಲ್ಡನ್ ಮಾತ್ರ ಕಾರ್ಖಾನೆಗೆ ಹೋದವನಲ್ಲ. ಊರಿನ ನೀರಿನ ಮೀಟರು ಓದುವ ಕೆಲಸ ಮಾಡಿ ನಿವೃತ್ತನಾದವನು. ಹಾರ್ಲನ್ ಕ್ರೀಕ್‌ನ ಪ್ರತಿಯೊಂದು ಮನೆಯ ನೆಲಮಾಳಿಗೆಯನ್ನೂ ಅವನು ನೋಡಿದ್ದಾನೆ, ಒಂದು ಮನೆಯ ಸೋಫಾದ ಮೇಲೂ ಕೂತಿಲ್ಲ. ಹೆಂಡತಿ ಷಾರ್ಲೀನ್ ಒಂದು ಚಳಿಗಾಲ ಹದಿನೈದು ದಿನಕ್ಕೆಂದು ಅರಿಜೋನಾದ ತಂಗಿಯ ಮನೆಗೆ ಹೋದವಳು, "ಇಲ್ಲಿ ಬಿಸಿಲು ತುಂಬಾ ಚೆನ್ನಾಗಿದೆ ಎಲ್ಡನ್," ಎಂದು ಫೋನು ಮಾಡಿದಳು. "ಹೌದಾ, ಒಳ್ಳೇದಾಯ್ತು ಬಿಡು," ಎಂದ ಇವನು. ಅದು ಗಂಡನನ್ನು ಬಿಡುವ ಮಾತು ಎಂದು ಇವನಿಗೆ ಅರ್ಥವಾಗುವ ಹೊತ್ತಿಗೆ ಮತ್ತೊಂದು ಚಳಿಗಾಲ ಬಂದಿತ್ತು.

ಆಮೇಲೆಯೇ ಈ ಕಾರು ತಂದದ್ದು. ಯಾರದೋ ಹಳೆಯ ಕೊಟ್ಟಿಗೆಯಲ್ಲಿ ಬಿದ್ದಿತ್ತು, ಸ್ಟೇರಿಂಗಿನ ಕೆಳಗೆ ಕೋಳಿ ಮೊಟ್ಟೆಯಿಟ್ಟಿತ್ತು. ಎಷ್ಟೋ ಚಳಿಗಾಲ ಗ್ಯಾರೇಜಿನಲ್ಲಿ ಒಬ್ಬನೇ ಕೂತು, ಪಕ್ಕದಲ್ಲೊಂದು ರೇಡಿಯೋ ಹಾಕಿಕೊಂಡು, ತುಕ್ಕು ಕೆರೆದ, ತಗಡು ತಟ್ಟಿದ, ಎಂಜಿನ್ನು ಬಿಚ್ಚಿ ಕಟ್ಟಿದ. ಚಾಲಕನ ಸೀಟನ್ನು ಎರಡು ದಿನದಲ್ಲಿ ಹೊಲಿದು ಮುಗಿಸಿದ. ಪಕ್ಕದ ಸೀಟನ್ನು ಮಾತ್ರ ಹೊಲಿದು ಬಿಚ್ಚಿ, ಮತ್ತೆ ಹೊಲಿದು ಬಿಚ್ಚಿ, ಕಡೆಗೆ ದರ್ಜಿಯೂ ತಪ್ಪು ಹುಡುಕಲಾಗದಂತೆ ಮಾಡಿದ. ಅದರಲ್ಲಿ ಇದುವರೆಗೂ ಯಾರೂ ಕೂತಿರಲಿಲ್ಲ.

ಅದರಲ್ಲಿ ಕೂರುತ್ತೇನೆ ಎಂದವಳು ಎದುರುಮನೆಯ ರೋವೀನಾ ಬೆಕ್. ಶಾಲೆಯ ಹಳದಿ ಬಸ್ಸು ಓಡಿಸುತ್ತಾಳೆ, ಗಂಡ ತೀರಿಹೋಗಿ ಕೆಲವು ವರ್ಷಗಳಾಗಿವೆ. ವಸಂತದಲ್ಲಿ ಒಂದು ದಿನ ಗ್ಯಾರೇಜಿನೊಳಗೆ ತಲೆ ಹಾಕಿ, "ಆಗಸ್ಟಿನ ಮೆರವಣಿಗೆಗೆ ಇದು ಓಡುತ್ತಾ?" ಎಂದು ಕೇಳಿದ್ದಳು.

"ಓಡುತ್ತೆ," ಎಂದಿದ್ದ ಎಲ್ಡನ್. ಆಗ ಕಾರಿಗೆ ಚಕ್ರವೇ ಇರಲಿಲ್ಲ.

"ಹಾಗಾದ್ರೆ ಪಕ್ಕದಲ್ಲಿ ನನ್ನನ್ನ ಕೂರಿಸ್ಕೋ. ಆದ್ರೆ ನಡುದಾರೀಲಿ ನಿಂತ್ರೆ ನಾನಿಳಿದು ತಳ್ಳೋದಿಲ್ಲ, ಈಗ್ಲೇ ಹೇಳಿದೀನಿ."

ವರ್ಷಕ್ಕೊಂದು ಸಂಜೆ, ಸುತ್ತಲ ಊರುಗಳ ಹಳೆಯ ಕಾರುಗಳೆಲ್ಲ ಮೇನ್ ಸ್ಟ್ರೀಟಿನಲ್ಲಿ ಸಾಲಾಗಿ ನಡೆಯುವ ಮೆರವಣಿಗೆ ಅದು. ರೋವೀನಾ ಅಂದ ಆ ಮಾತಿನ ಮೇಲೆ ಎಲ್ಡನ್ ವಸಂತವನ್ನೂ ಬೇಸಿಗೆಯನ್ನೂ ಕಳೆದಿದ್ದ. ಕಡೆಗೂ ಆ ದಿನ ಬಂದೇ ಬಿಟ್ಟಿತ್ತು. ಹೊಸ ಶರಟು ಇಸ್ತ್ರಿಯಾಗಿ ಬಾಗಿಲ ಹಿಂದೆ ನೇತಾಡುತ್ತಿತ್ತು. ಕಾರು ಹೀಗೆ ಕೆಮ್ಮಿದರೆ ಎದೆ ಧಸಕ್ಕೆನ್ನದೆ ಇರುತ್ತದೆಯೇ?

ಬಾನೆಟ್ ಪೂರ್ತಿ ಮೇಲೇರುವ ಮೊದಲೇ ಎಡಮನೆಯ ವೆಂಡೆಲ್ ಹೈನ್ಸ್ ಹಾಜರಾದ. ಮೈಮೇಲೆ ರಾತ್ರಿಯ ನಿಲುವಂಗಿ, ಕೈಯಲ್ಲಿ ಕಾಫಿ, ನಿಲುವಂಗಿಯ ಜೇಬಿನಲ್ಲಿ ಸ್ಕ್ರೂಡ್ರೈವರು. ವೆಂಡೆಲ್ ದುಡಿದದ್ದೆಲ್ಲ ಕಾರ್ಬ್ಯುರೇಟರ್ ವಿಭಾಗದಲ್ಲಿ. ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸುವ ಆ ಡಬ್ಬಿಯಿಂದಲೇ ಲೋಕದ ಎಲ್ಲ ಕಷ್ಟಗಳೂ ಹುಟ್ಟುತ್ತವೆ ಎಂದು ಅವನ ನಂಬಿಕೆ.

"ಗಾಳಿ ಜಾಸ್ತಿ, ಪೆಟ್ರೋಲು ಕಮ್ಮಿ," ಎಂದ.

"ಒಂದೇ ಸಲ ಕೆಮ್ಮಿದ್ದು ಕಣೋ ವೆಂಡೆಲ್."

"ನಮ್ಮ ಮಾವನೂ ಒಂದೇ ಸಲ ಕೆಮ್ಮಿದ್ದು. ಸರಿ ಆ ಕಡೆ." ವೆಂಡೆಲ್ ಕಾಫಿಯನ್ನು ಎಲ್ಡನ್ ಕೈಗೆ ಕೊಟ್ಟು, ಬಗ್ಗಿ, ಒಂದು ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದ. "ಹ್ಞೂಂ. ಒಂದು ಸುತ್ತು ಹೋಗಿ ಬಾ. ನಾನಿಲ್ಲಿ ನಿಂತು ಕೇಳಿಸ್ಕೋತೀನಿ."

"ನೀನೂ ಬಾರೋ. ಪಕ್ಕದಲ್ಲಿ ಕೂತ್ಕೊಂಡು ಹಾಗೇ ಹೇಳ್ತಾ ಹೋಗು."

ವೆಂಡೆಲ್ ಅವನನ್ನು ಕರುಣೆಯಿಂದ ನೋಡಿದ. "ಮೀಟರ್ ಓದೋನು ನೀನು, ನಿಂಗೆ ಗೊತ್ತಾಗಲ್ಲ. ಗಾಡಿ ಮಾತಾಡೋದು ಹಿಂಭಾಗದಿಂದ. ಒಳಗೆ ಕೂತೋನಿಗೆ ಏನು ಕೇಳಿಸುತ್ತೆ, ಮಣ್ಣು? ಹೊರಗಿಂದ್ಲೇ ಕೇಳ್ಬೇಕು."

ಅದು ನಿಜವೇ. ಹೊಗೆ ಕೊಳವೆಯ ಬಾಯಿ ಹಿಂದಿದೆ. ಓಡಿಸುವವನಿಗೆ ಬರೀ ಗಡಗಡ, ನಿಂತು ಕೇಳುವವನಿಗೆ ಸಂಗೀತ. ನಮ್ಮೂರಲ್ಲಿ ಗಾಡಿಯ ಶ್ರುತಿ ಕೂಡಿಸುವುದು ಹೀಗೆಯೇ. ಒಬ್ಬ ಓಡಿಸುತ್ತಾನೆ, ಉಳಿದವರು ಕಣ್ಣು ಮುಚ್ಚಿ ನಿಲ್ಲುತ್ತಾರೆ. ಎಲ್ಡನ್ ಒಬ್ಬನೇ ಹೋದ. ಮೂಲೆಯಲ್ಲಿ ಎಡಕ್ಕೆ ತಿರುಗಿ, ಚರ್ಚು ದಾಟಿ, ಮತ್ತೆ ಎಡಕ್ಕೆ ತಿರುಗಿ ಮನೆಗೆ ಬರುವಷ್ಟರಲ್ಲಿ ಕಾರು ಎರಡು ಸಲ ಕೆಮ್ಮಿತು.

ವಾಪಸು ಬಂದಾಗ ಅವನ ಅಂಗಳದಲ್ಲಿ ಇಬ್ಬರಿದ್ದರು. ಬಲಮನೆಯ ರಾಸ್ಕೊ ಟಿಲ್ಮನ್, ಎಲ್ಡನ್ನನ ಮಡಚುವ ಕುರ್ಚಿಯನ್ನು ಗ್ಯಾರೇಜಿನಿಂದ ತಾನೇ ತಂದು ಹಾಕಿಕೊಂಡು ಕೂತಿದ್ದ. ಹರೆಯದಲ್ಲಿ ರೇಸು ಓಡಿಸಿದವನು. ಅವನ ಪಾಲಿಗೆ ಕಾರ್ಬ್ಯುರೇಟರು ಬರೀ ಲೊಳಲೊಟ್ಟೆ, ಎಲ್ಲವೂ ಇರುವುದು ಕಿಡಿ ಹಾರುವ ಕ್ಷಣದಲ್ಲಿ.

"ಕಿಡಿ ತಡವಾಗಿ ಹಾರ್ತಿದೆ," ಎಂದ ರಾಸ್ಕೊ. "ಅದಕ್ಕೇ ಮುಗ್ಗರಿಸುತ್ತೆ. ಇವನ ಸ್ಕ್ರೂ ಕೈಗೆ ಗಾಡಿ ಕೊಟ್ರೆ ಇನ್ನೇನಾಗುತ್ತೆ?"

"ನಿನ್ನ ಕೈಗೆ ಕೊಟ್ರೆ ಹೆದ್ದಾರೀಲಿ ಬೆಂಕಿ ಹತ್ತುತ್ತೆ," ಎಂದ ವೆಂಡೆಲ್. "ಆವತ್ತು ಹತ್ತಿರ್ಲಿಲ್ವಾ?"

"ಅದು ಗೆದ್ದ ಮೇಲೆ ಹತ್ತಿದ್ದು!"

ಇಬ್ಬರೂ ಒಂದು ಗಳಿಗೆ ಜಗಳವಾಡಿ, ಒಂದು ಗಳಿಗೆ ನಕ್ಕು, ಮತ್ತೆ ಜಗಳವಾಡಿದರು. ಎಲ್ಡನ್ ನಡುವೆ ನಿಂತು ಅತ್ತ ಇತ್ತ ನೋಡುತ್ತಿದ್ದ. ಅವನ ಅಂಗಳದಲ್ಲಿ ಇಬ್ಬರು ಮನುಷ್ಯರು ನಿಂತು ಮಾತಾಡಿ ಎಷ್ಟು ಕಾಲವಾಗಿತ್ತೋ. ಕಾರು ಕೆಟ್ಟಿದೆ ಎಂಬ ಚಿಂತೆಯ ನಡುವೆಯೂ ಅವನಿಗೆ ಒಂಥರಾ ಖುಷಿಯಾಗುತ್ತಿತ್ತು. ಇನ್ನೊಂದು ಕುರ್ಚಿ ತರೋಣ, ತಾನೂ ಕೂರೋಣ ಎಂದು ಗ್ಯಾರೇಜಿನ ಕಡೆ ಹೊರಟ.

"ಎಲ್ಲಿ ಹೊರಟೆ?" ಎಂದ ರಾಸ್ಕೊ, ಎಂಜಿನ್ನಿನ ಪಕ್ಕದಲ್ಲಿ ಕಿಡಿ ಹಂಚುವ ಟೊಪ್ಪಿಯಂಥದ್ದನ್ನು ಹಿಡಿದು ಕೊಂಚ ತಿರುಗಿಸುತ್ತ. "ಆಯ್ತು ನೋಡು. ಒಂದು ಸುತ್ತು ಹೋಗಿ ಬಾ."

ಈ ಸಲ ಕಾರು ಚರ್ಚಿನ ಎದುರು ಸರಿಯಾಗಿ ಪ್ರಾಣ ಬಿಟ್ಟಿತು. ಬಿಡುವ ಮುಂಚೆ ಕೊಳವೆಯಿಂದ ಢಂ ಎಂದು ಒಂದು ಸದ್ದು. ಚರ್ಚಿನ ಮೆಟ್ಟಿಲ ಮೇಲೆ ಒಂದು ಮದುವೆ ದಿಬ್ಬಣ ನಿಂತಿತ್ತು. ಗುಂಡು ಹಾರಿತೆಂದು ಮದುಮಗನ ಅಜ್ಜ ನೆಲಕ್ಕೆ ಮಲಗಿಬಿಟ್ಟ. ಉಳಿದವರು ಅದನ್ನು ಸಂಭ್ರಮದ ಸದ್ದೆಂದೇ ತಿಳಿದು ಚಪ್ಪಾಳೆ ತಟ್ಟಿದರು. ಕಣ್ಮುಚ್ಚಿ ತೆರೆಯುವಷ್ಟರಲ್ಲಿ ಮದುಮಕ್ಕಳು ಓಡಿಬಂದು ಹಿಂದಿನ ಸೀಟಿನಲ್ಲಿ ಕೂತರು, ಕಿಟಕಿಗಳಿಂದ ಒಳಗೆ ಅಕ್ಕಿಯ ಮಳೆ ಸುರಿಯಿತು.

"ಅಯ್ಯೋ, ಎಷ್ಟು ಚೆನ್ನಾಗಿದೆ ಗಾಡಿ!" ಎಂದಳು ಮದುಮಗಳು. "ಅಪ್ಪ ಹೇಳ್ಲೇ ಇಲ್ಲ, ಇಂಥ ಗಾಡಿ ಗೊತ್ತುಮಾಡಿದೀನಿ ಅಂತ!"

"ಇದು… ನನ್ನದು," ಎಂದ ಎಲ್ಡನ್.

"ಥ್ಯಾಂಕ್ಯೂ ಅಂಕಲ್! ಒಂದು ಫೋಟೋ!"

ಎಲ್ಡನ್ ಕನ್ನಡಿಯಲ್ಲಿ ನೋಡಿ ಕೂದಲು ಸರಿಮಾಡಿಕೊಂಡ. ಛಾಯಾಗ್ರಾಹಕ ಕ್ಯಾಮೆರಾ ಇಳಿಸಿ, ವಿನಯವಾಗಿಯೇ, "ಸಾರ್, ತಾವು ಸ್ವಲ್ಪ ಇಳಿದು ಆ ಕಡೆ ನಿಂತ್ಕೋತೀರಾ? ಫ್ರೇಮಿಗೆ ಅಡ್ಡ ಬರ್ತಿದೀರಿ," ಎಂದ. ಎಲ್ಡನ್ ಇಳಿದು ಆ ಕಡೆ ನಿಂತ. ಫೋಟೋ ಬಹಳ ಚೆನ್ನಾಗಿ ಬಂತಂತೆ. ಆಮೇಲೆ ನಿಜವಾದ ಗಾಡಿ ಬಂದು ಮದುಮಕ್ಕಳು ಅದಕ್ಕೆ ಹೋದರು. ಮದುಮಗನ ಗೆಳೆಯರು ಕೋಟು ಬಿಚ್ಚಿ ಹಸಿರು ಕಾರನ್ನು ಇಳಿಜಾರಿನವರೆಗೆ ತಳ್ಳಿ, ಅದು ಗುರ್ರೆಂದ ಕೂಡಲೇ "ಹೋಯ್!" ಎಂದು ಕೂಗಿ ಊಟಕ್ಕೆ ಓಡಿದರು. ಎಲ್ಡನ್ ಸೀಟಿನ ಮೇಲಿದ್ದ ಅಕ್ಕಿಯನ್ನು ಒಂದು ಕೈಯಿಂದ ಗುಡಿಸುತ್ತ ಮನೆಗೆ ಬಂದ.

ಬೀದಿ ತಿರುಗುವಾಗಲೇ ಅವನಿಗೊಂದು ನಗು ಕೇಳಿಸಿತು, ನಾಲ್ಕೈದು ಜನ ಸೇರಿ ನಗುವಂಥದ್ದು. ಯಾರ ಮನೆಯಲ್ಲಿ ಇಷ್ಟು ಗಮ್ಮತ್ತು ಎಂದು ನೋಡಿದರೆ, ಅವನ ಮನೆಯಲ್ಲೇ.

ಮೇನ್ ಸ್ಟ್ರೀಟಿನಲ್ಲಿ ಸಾಸೇಜ್ ಅಂಗಡಿ ಇಟ್ಟಿರುವ ಗಸ್ ಪಪ್ಪಾಸ್ ಬಂದಿದ್ದ. ಗಸ್‌ಗೆ ಕಾರಿನ ಬಗ್ಗೆ ಏನೇನೂ ಗೊತ್ತಿಲ್ಲ. ಆದರೆ ಜನ ಸೇರಿದ ಕಡೆ ಅವನೂ ಇರುತ್ತಾನೆ, ಅವನಿದ್ದ ಕಡೆ ಊಟ ಇರುತ್ತದೆ. ಸಂಜೆಯ ಮೆರವಣಿಗೆಯಲ್ಲಿ ಮಾರಲು ತುಂಬಿಸಿಕೊಂಡಿದ್ದ ಸಾಸೇಜಿನ ದೊಡ್ಡ ಪೆಟ್ಟಿಗೆಯನ್ನು ಎಲ್ಡನ್ನನ ಅಂಗಳದಲ್ಲೇ ಇಳಿಸಿದ್ದ. ರಾಸ್ಕೊ ಎಲ್ಡನ್ನನ ಫ್ರಿಜ್ಜಿನಿಂದ ಬಿಯರು ತಂದಿದ್ದ. ವೆಂಡೆಲ್ ನಿಲುವಂಗಿ ಬಿಚ್ಚಿಟ್ಟು ಅಂಗಿ ಹಾಕಿಕೊಂಡು ಬಂದು, ಎಲ್ಡನ್ನನ ರೇಡಿಯೋ ಹೊರಗೆ ತಂದು ಇಟ್ಟಿದ್ದ. ದಾರಿಹೋಕರೂ ಒಬ್ಬಿಬ್ಬರು ನಿಂತು ಒಂದೊಂದು ತುತ್ತು ತಿಂದು ಹೋಗುತ್ತಿದ್ದರು.

ಕಾರು ಹತ್ತಿರ ಬಂದದ್ದೇ ತಡ, ಎಲ್ಲರ ನಗು ನಿಂತಿತು. ಮೂವರೂ ತಲೆ ವಾಲಿಸಿ, ಕಣ್ಣು ಮುಚ್ಚಿದರು.

"ಹಾಳಾಯ್ತು," ಎಂದ ವೆಂಡೆಲ್.

"ನಿನ್ನ ಸ್ಕ್ರೂ," ಎಂದ ರಾಸ್ಕೊ.

"ನಂಗೇನೋ ಹಸಿವಾದಂಗೆ ಕೇಳಿಸ್ತು," ಎಂದ ಗಸ್.

ಎಲ್ಡನ್ ಇಳಿದು, ಮದುವೆಯಲ್ಲಿ ಏನಾಯಿತೆಂದು ಹೇಳಲು ಬಾಯಿ ತೆರೆದ. ಅವನಿಗೆ ಬಹಳ ದಿನಗಳ ಮೇಲೆ ಹೇಳಲಿಕ್ಕೊಂದು ಕತೆ ಸಿಕ್ಕಿತ್ತು. "ಏನಾಯ್ತು ಗೊತ್ತಾ, ಚರ್ಚ್ ಹತ್ರ…"

"ಆಮೇಲೆ ಹೇಳುವೆಯಂತೆ," ಎಂದು ಗಸ್ ಅವನ ಬಾಯಿಗೆ ಒಂದು ಸಾಸೇಜು ಬ್ರೆಡ್ಡು ಇಟ್ಟ. ಆ ಬ್ರೆಡ್ಡು ನುಂಗುವಷ್ಟರಲ್ಲಿ ವೆಂಡೆಲ್ ಸ್ಕ್ರೂ ತಿರುಗಿಸಿದ್ದ, ಅವನು ಬೆನ್ನು ತಿರುಗಿಸಿದೊಡನೆ ರಾಸ್ಕೊ ಟೊಪ್ಪಿ ತಿರುಗಿಸಿದ್ದ. ಒಲೆ ಮೇಲಿನ ಸಾರಿಗೆ ಮನೆಗೆ ಬಂದವರೆಲ್ಲ ಒಂದೊಂದು ಚಿಟಿಕೆ ಉಪ್ಪು ಹಾಕಿದಂತೆ ಆಗುತ್ತಿತ್ತು ಆ ಎಂಜಿನ್ನಿನ ಗತಿ.

"ಒಂದು ಸುತ್ತು ಹೋಗಿ ಬಾ," ಎಂದರು ಇಬ್ಬರೂ ಒಟ್ಟಿಗೇ.

"ಒಂದ್ಸಲ ನಾನಿಲ್ಲಿ ಕೂತಿರ್ತೀನಿ," ಎಂದ ಎಲ್ಡನ್. "ನಿಮ್ಮಲ್ಲೇ ಯಾರಾದ್ರೂ ಓಡಿಸ್ಕೊಂಡು ಬನ್ನಿ."

ಎಲ್ಡನ್ ಏನೋ ಅಸಭ್ಯ ಮಾತಾಡಿದನೇನೋ ಎಂಬಂತೆ ರಾಸ್ಕೊ ಬಿಯರು ಕೆಳಗಿಟ್ಟ. "ಏನ್ ಮಾತು ಅಂತ ಆಡ್ತೀಯ? ಇನ್ನೊಬ್ಬ ಗಂಡಸು ತನ್ನ ಕೈಯಾರೆ ಕಟ್ಟಿದ ಗಾಡಿ! ಅದರ ಸ್ಟೇರಿಂಗ್ ನಾವು ಮುಟ್ಟೋದಾ?"

"ಮುಟ್ಟಬಾರದಪ್ಪ," ಎಂದ ವೆಂಡೆಲ್, ಅಂದು ಮೊದಲ ಸಲ ರಾಸ್ಕೊ ಕಡೆ ಸೇರಿ. "ಸ್ಕ್ರೂ ಮುಟ್ಟಬಹುದು. ಸ್ಟೇರಿಂಗ್ ಮುಟ್ಟಬಾರದು. ಮರ್ಯಾದೆ ಅಂತ ಒಂದಿದೆ."

ನಮ್ಮೂರಲ್ಲಿ ಈ ಮರ್ಯಾದೆಯನ್ನು ಮುರಿದ ಗಂಡಸು ಇನ್ನೂ ಹುಟ್ಟಿಲ್ಲ. ಎಲ್ಡನ್ ಮತ್ತೆ ಹತ್ತಿ ಕೂತ.

ಆ ಮಧ್ಯಾಹ್ನ ಅವನು ಎಷ್ಟು ಸುತ್ತು ಹಾಕಿದನೋ ಲೆಕ್ಕವಿಟ್ಟವರಿಲ್ಲ. ಒಂದು ಸಲ ಕಾರು ಕಪ್ಪು ಹೊಗೆ ಉಗುಳಿ ಯಾರೋ ಒಣಹಾಕಿದ್ದ ಬಿಳಿ ಹಾಸಿಗೆ ಬಟ್ಟೆಗಳನ್ನು ಬೂದು ಮಾಡಿತು. ಒಂದು ಸಲ ಎರಡನೇ ಗೇರಿನಲ್ಲಿ ಕಪ್ಪೆಯಂತೆ ಕುಪ್ಪಳಿಸಿ ಅಂಚೆಯವನನ್ನು ಬೇಲಿ ಹಾರಿಸಿತು. ಮತ್ತೊಂದು ಸಲ ನಿಲ್ಲಲೇ ಒಪ್ಪದೆ, ಕೀಲಿ ತೆಗೆದು ಕೈಯಲ್ಲಿ ಹಿಡಿದುಕೊಂಡರೂ ಗೊಣಗುತ್ತಲೇ ಇತ್ತು. ಪ್ರತಿ ಸುತ್ತಿನಲ್ಲೂ ಅವನು ತನ್ನ ಮನೆಯ ಮುಂದೆ ಹಾದುಹೋಗುವಾಗ ವೇಗ ತಗ್ಗಿಸಿ ನೋಡುತ್ತಿದ್ದ. ಅವನ ಕುರ್ಚಿಗಳಲ್ಲಿ ಜನ ಕೂತಿದ್ದರು. ಅವನ ರೇಡಿಯೋ ಹಾಡುತ್ತಿತ್ತು. ವೆಂಡೆಲ್ ಏನೋ ಕೈಸನ್ನೆ ಮಾಡಿ ಕತೆ ಹೇಳುತ್ತಿದ್ದ, ಗಸ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಕಿಟಕಿಯ ಗಾಜಿನಾಚೆ ಯಾರದೋ ಮನೆಯ ಹಬ್ಬ ನೋಡಿದ ಹಾಗೆ ಇವನು ನೋಡುತ್ತಿದ್ದ. ಕಾರು ಹತ್ತಿರ ಬಂದೊಡನೆ ಅವರೆಲ್ಲ ಮಾತು ನಿಲ್ಲಿಸಿ ಕಣ್ಣು ಮುಚ್ಚುತ್ತಿದ್ದರು. ಒಬ್ಬರೂ ಇವನ ಮುಖ ನೋಡುತ್ತಿರಲಿಲ್ಲ. ಅವರನ್ನು ಕಲೆಹಾಕಿದ್ದು ಈ ಕಾರೇ ಎಂದು ಅವನಿಗೆ ಹೆಮ್ಮೆಯಾಯಿತು. ಆ ಕಾರಿನೊಳಗೆ ತಾನೊಬ್ಬನೇ ಇದ್ದೇನೆ ಎಂದು ಬಹಳ ಬೇಸರವೂ ಆಯಿತು. ಇರಲಿ, ಸಂಜೆಯಾಗಲಿ, ಪಕ್ಕದ ಸೀಟು ತುಂಬುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಬಿಸಿಲು ಇಳಿದು ಮೇನ್ ಸ್ಟ್ರೀಟಿನ ಕಡೆಯಿಂದ ಬ್ಯಾಂಡಿನ ಸದ್ದು ಕೇಳಿಬರುವ ಹೊತ್ತಿಗೆ ಕಾರು ಅಂಗಳದಲ್ಲಿ ಗಡಗಡ ನಡುಗುತ್ತ ನಿಂತಿತ್ತು. ವೆಂಡೆಲ್ ಮತ್ತು ರಾಸ್ಕೊ ಇಬ್ಬರೂ ಒಟ್ಟಿಗೇ ಬಾನೆಟ್ಟಿನೊಳಗೆ ತಲೆ ಹಾಕಿದ್ದರು. ಒಬ್ಬರ ಕೈಯನ್ನು ಒಬ್ಬರು ತಳ್ಳುತ್ತಿದ್ದರು.

"ಏನ್ ನಡೀತಿದೆ ನೋಡೋಣ," ಎಂದು ಗಸ್ ಬಂದು, ಬಗ್ಗಿ, ತನ್ನ ದಪ್ಪ ಮೊಣಕೈಯನ್ನು ಎಂಜಿನ್ನಿನ ಮೇಲೆ ಊರಿದ. ಒಳಗೆಲ್ಲೋ 'ಟಕ್' ಎಂದು ಏನೋ ಕೂತ ಸದ್ದಾಯಿತು.

ಎಂಜಿನ್ನು ನಡುಗುವುದನ್ನು ನಿಲ್ಲಿಸಿತು. ಆಳವಾದ, ತುಂಬು ದನಿಯೊಂದು ಅಂಗಳವನ್ನೆಲ್ಲ ಆವರಿಸಿತು. ಒಂದು ಗುಡುಗು ಮುಗಿಯುವ ಮೊದಲೇ ಇನ್ನೊಂದು ಮೆತ್ತಗೆ ಶುರುವಾದ ಹಾಗೆ. ಮೂವರೂ ಕಾರಿನ ಹಿಂಭಾಗಕ್ಕೆ ಓಡಿದರು. ರಾಸ್ಕೊ ತಲೆಯ ಮೇಲಿನ ಟೊಪ್ಪಿ ತೆಗೆದ. ವೆಂಡೆಲ್ ಮೂಗು ಒರೆಸಿಕೊಂಡ.

"ನಾನು ಹೇಳ್ಲಿಲ್ವಾ, ಗಾಳಿ ಜಾಸ್ತಿ ಅಂತ."

"ಕಿಡಿ ಕಣೋ, ಕಿಡಿ!"

"ಮೊಣಕೈ," ಎಂದ ಗಸ್ ಶಾಂತವಾಗಿ, ಮೊಣಕೈ ತೋರಿಸುತ್ತ. ಈ ಮೂರು ಪಂಥಗಳೂ ನಮ್ಮೂರಲ್ಲಿ ಇಂದಿಗೂ ಇವೆ.

ಎಲ್ಡನ್ ಚಾಲಕನ ಸೀಟಿನಲ್ಲಿ ಕೂತೇ ಇದ್ದ. ಇಳಿದು ಬರೋಣವೆಂದರೆ, "ಪೆಡಲ್ ಬಿಡಬೇಡ! ಹಾಗೇ ಹಿಡ್ಕೊಂಡಿರು!" ಎಂದು ಹಿಂದಿನಿಂದ ಕೂಗುತ್ತಿದ್ದರು. ಅವರಿಗೆ ಸಾಕಾದ ಮೇಲೆ ಎಂಜಿನ್ನು ಆರಿಸಿ ಒಳಗೆ ಓಡಿ, ಕೈಯ ಮಸಿ ತೊಳೆದು, ಹೊಸ ಶರಟು ಹಾಕಿಕೊಂಡು ಬಂದ.

ರೋವೀನಾ ಬೀದಿ ದಾಟಿ ಬರುತ್ತಿದ್ದಳು. ತಲೆಗೆ ಕೆಂಪು ವಸ್ತ್ರ ಕಟ್ಟಿದ್ದಳು, ಕಣ್ಣಿಗೆ ತಂಪು ಕನ್ನಡಕ. ಬಂದವಳು ಕಾರನ್ನು ಒಂದು ಸುತ್ತು ಬಂದು ನೋಡಿ, "ಇದು ಆ ಕೋಳಿಗೂಡೇನಾ?" ಎಂದಳು.

"ಅದೇ," ಎಂದ ಎಲ್ಡನ್. ಮುಖವೆಲ್ಲ ನಗು.

"ಸದ್ದಂತೂ ಏನ್ ಹೇಳ್ಲಿ," ಎಂದ ವೆಂಡೆಲ್. "ಕೇಳ್ತಿದ್ರೆ ನಮ್ಮಮ್ಮ ನೆನಪಾದ್ಲು."

"ಬೆಳಗ್ಗಿಂದ ನಾನೂ ಅಡುಗೆಮನೇಲಿ ಕೇಳಿಸ್ಕೊಳ್ತಾನೇ ಇದೀನಿ. ಈಗ ಸರಿಯಾಯ್ತು," ಎಂದಳು ರೋವೀನಾ. "ನಿಂಗೇನನಿಸ್ತು ಎಲ್ಡನ್? ಅಷ್ಟು ವರ್ಷ ಕಷ್ಟಪಟ್ಟಿದೀಯ. ಕೇಳಿ ಖುಷಿಯಾಯ್ತಾ?"

ಎಲ್ಡನ್ ತಲೆ ಕೆರೆದುಕೊಂಡ. "ನಾನು ಕೇಳೇ ಇಲ್ಲ ರೋವೀನಾ."

"ಕೇಳಿಲ್ಲ ಅಂದ್ರೆ?"

"ಹೊರಗಿಂದ ಕೇಳಿಲ್ಲ. ನಾನು ಯಾವಾಗ್ಲೂ ಒಳಗೇ ಇದ್ನಲ್ಲ."

ರೋವೀನಾ ಕನ್ನಡಕ ತೆಗೆದು ಅವನನ್ನೇ ನೋಡಿದಳು. ಆಮೇಲೆ ಆ ಮೂವರನ್ನು ನೋಡಿದಳು. ಬಸ್ಸಿನಲ್ಲಿ ಗಲಾಟೆ ಮಾಡುವ ಹುಡುಗರನ್ನು ಅವಳು ನೋಡುವುದು ಹಾಗೆಯೇ. "ನಾಚಿಕೆ ಆಗ್ಬೇಕು ನಿಮಗೆ. ಬೆಳಗ್ಗಿಂದ ಆ ಮನುಷ್ಯನ ಗಾಡಿ ಸದ್ದು ನೀವು ಕೇಳ್ತಾ ಕೂತಿದೀರ, ಅವನಿಗೆ ಒಂದ್ಸಲಾನೂ ಕೇಳಿಸಿಲ್ವಾ?"

"ಸ್ಟೇರಿಂಗ್ ಮುಟ್ಟಬಾರದಲ್ಲ…" ಎಂದು ವೆಂಡೆಲ್ ಅಳುಕಿದ ದನಿಯಲ್ಲಿ ಅಂದ.

"ಅದು ನಿಮ್ಮ ಗಂಡಸರ ಮರ್ಯಾದೆ. ನಂಗದು ಅನ್ವಯಿಸಲ್ಲ. ಅರವತ್ತು ಮಕ್ಕಳನ್ನ ಹಿಮದಲ್ಲಿ ಓಡಿಸ್ಕೊಂಡು ಹೋಗೋಳು ನಾನು." ಅವಳು ಕೈ ಚಾಚಿದಳು. "ಕೀಲಿ ಕೊಡು ಎಲ್ಡನ್. ಒಂದೇ ಒಂದು ಸುತ್ತು. ನೀನಿಲ್ಲಿ ನಿಂತು ಕಣ್ಣು ಮುಚ್ಚಿ ಕೇಳು. ಆಮೇಲೆ ನೀನೇ ಓಡಿಸು, ನಾನು ಪಕ್ಕದಲ್ಲಿ ಕೂರ್ತೀನಿ."

ಷಾರ್ಲೀನ್ ಹೋದ ಮೇಲೆ ಯಾರೂ ಅವನಿಗೆ ಏನು ಬೇಕು ಎಂದು ಕೇಳಿರಲಿಲ್ಲ. ಎಲ್ಡನ್ ಜೇಬಿನಿಂದ ಕೀಲಿ ತೆಗೆದ. ಬೇಡ, ಬಾ ಹೋಗೋಣ, ತಡವಾಗುತ್ತದೆ ಎನ್ನಬೇಕಿತ್ತು. ಅವಳ ಕಣ್ಣಿನಲ್ಲಿ ಅಷ್ಟು ಪ್ರೀತಿ ಕಂಡ ಮೇಲೆ ಹಾಗೆನ್ನಲು ಯಾರಿಗೆ ಬಾಯಿ ಬರುತ್ತದೆ? ಕೀಲಿ ಕೊಟ್ಟ.

ಅವಳು ಕೂತು, ಸೀಟು ಮುಂದಕ್ಕೆಳೆದು, ಕನ್ನಡಿ ತಿರುಗಿಸಿ, ಎಂಜಿನ್ನು ಹಚ್ಚಿದಳು.

"ಒಂದು ನಿಮಿಷ," ಎಂದ ವೆಂಡೆಲ್. "ಒಬ್ಬಳೇ ಹೋದ್ರೆ ಸರಿಯಾದ ಸದ್ದು ಬರಲ್ಲ. ಭಾರ ಬಿದ್ದಾಗಲೇ ಗಾಡಿ ನಿಜ ಹೇಳೋದು." ಹೇಳುತ್ತಲೇ ಪಕ್ಕದ ಸೀಟಿನಲ್ಲಿ ಕೂತುಬಿಟ್ಟ.

"ಅದು ನಿಜ," ಎಂದ ರಾಸ್ಕೊ. ಮನಸ್ಸಿನಲ್ಲಿ ಆಸೆ ಹುಟ್ಟಿದರೆ ತತ್ವ ತಾನಾಗಿಯೇ ಕೂಡಿಬರುತ್ತದೆ. ಅವನು ಹಿಂದೆ ತೂರಿಕೊಂಡ.

"ನನ್ನನ್ನೂ ಹಾಗೇ ಅಂಗಡಿ ಹತ್ರ ಬಿಟ್ಬಿಡಮ್ಮ," ಎಂದ ಗಸ್. "ಹೊತ್ತಾಯ್ತು, ಗಿರಾಕಿಗಳು ಕಾಯ್ತಿರ್ತಾರೆ." ಅವನೂ ಹತ್ತಿದ. ಹಿಂದಿನ ಸೀಟಿನಲ್ಲಿ ಉಳಿದಿದ್ದ ಜಾಗದಲ್ಲಿ ಸಾಸೇಜಿನ ಪೆಟ್ಟಿಗೆ ಕೂತಿತು. ಎಲ್ಡನ್ ತಾನೇ ಅದನ್ನು ಎತ್ತಿ ಕೊಟ್ಟ.

"ಕಣ್ಣು ಮುಚ್ಕೋ!" ಎಂದು ಕೂಗಿ ರೋವೀನಾ ಹೊರಟಳು.

ಎಲ್ಡನ್ ಕಣ್ಣು ಮುಚ್ಚಿದ. ಅಯ್ಯಾ, ಎಂಥ ಸದ್ದು ಅದು! ಎದೆಗೂಡಿನೊಳಗೆ ಯಾರೋ ದೊಡ್ಡ ಮೃದಂಗವನ್ನು ಮೆತ್ತಗೆ ನುಡಿಸಿದಂತೆ. ಚಳಿಯಲ್ಲಿ ಬೆರಳು ಮರಗಟ್ಟಿ ಕೂತ ಸಂಜೆಗಳೆಲ್ಲ ಅದರಲ್ಲಿದ್ದವು. ಮೊದಲನೇ ಗೇರು, ಎರಡನೆಯದು, ಒಂದಿಷ್ಟೂ ತಡವರಿಕೆ ಇಲ್ಲ. ಅವನ ಕಣ್ಣಿನ ರೆಪ್ಪೆಯಡಿಯಿಂದ ನೀರಿಳಿಯಿತು. ನಾನು ಮಾಡಿದ್ದು ಇದು, ಎಂದು ಗಟ್ಟಿಯಾಗಿಯೇ ಅಂದುಕೊಂಡ. ಮೂಲೆಯವರೆಗೆ ಸದ್ದು ಹೋಯಿತು. ಇನ್ನು ಎಡಕ್ಕೆ ತಿರುಗಬೇಕು.

ಅವನು ಕಣ್ಣು ಬಿಟ್ಟ. ಕಾರಿನ ಬಲಗಡೆಯ ದೀಪ ಮಿನುಗುತ್ತಿತ್ತು.

"ಬಲಕ್ಕೆ ಬೇಡ!" ಎಂದು ಕೂಗಿದ. ಕೂಗಿ ಏನು ಪ್ರಯೋಜನ? ಅಷ್ಟು ಚೆನ್ನಾಗಿ ಶ್ರುತಿಗೂಡಿದ ಎಂಜಿನ್ನಿನ ಎದುರು ಮನುಷ್ಯನ ಕೂಗು ಎಲ್ಲಿ ಕೇಳಿಸುತ್ತದೆ? ಬಲಕ್ಕೆ ಹೋದರೆ ಗಸ್‌ನ ಅಂಗಡಿ. ಬಲಕ್ಕೆ ಹೋದರೆ ಮೇನ್ ಸ್ಟ್ರೀಟು. ಮೆರವಣಿಗೆಯ ಸಂಜೆ ಹಳೆಯ ಕಾರೊಂದು ಮೇನ್ ಸ್ಟ್ರೀಟಿಗೆ ಮೂತಿ ಹಾಕಿತೋ, ಹಳದಿ ಅಂಗಿಯ ಸ್ವಯಂಸೇವಕರು ಕೈ ಬೀಸಿ ಸಾಲಿಗೆ ಸೇರಿಸಿಬಿಡುತ್ತಾರೆ. ಎರಡೂ ಬದಿ ಅಡ್ಡಗಟ್ಟೆ, ಹಿಂದೆ ಮುಂದೆ ನೂರಾರು ಕಾರು. ಜಾತ್ರೆ ಮೈದಾನ ಮುಟ್ಟುವವರೆಗೆ ಯಾರೂ ಹೊರಗೆ ಬರುವ ಹಾಗಿಲ್ಲ, ಮುಟ್ಟುವಷ್ಟರಲ್ಲಿ ಕತ್ತಲಾಗಿರುತ್ತದೆ. ಇದು ಊರಿನ ನಾಯಿಗೂ ಗೊತ್ತು. ಒಳಗಿದ್ದ ನಾಲ್ವರಿಗೂ ಗೊತ್ತು. ಹಸಿರು ಕಾರಿನೊಳಗೆ ಕೂತ ಸಂತೋಷದಲ್ಲಿ ನಾಲ್ವರೂ ಮರೆತಿದ್ದರು, ಅಷ್ಟೆ.

ಎಲ್ಡನ್ ಹೊಸ ಶರಟಿನಲ್ಲಿ ಅಂಗಳದ ನಡುವೆ ನಿಂತಿದ್ದ. ಕುರ್ಚಿಗಳೆಲ್ಲ ಈಗ ಖಾಲಿಯಾಗಿದ್ದವು. ಒಂದರಲ್ಲಿ ಕೂತ.

ಸ್ವಲ್ಪ ಹೊತ್ತಿಗೆ ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ಎಲ್ಡನ್!" ರೋವೀನಾ ಕೂಗುತ್ತಿದ್ದಳು. "ಎಡವಟ್ಟಾಗೋಯ್ತು ಕಣೋ, ಸಾಲಿನೊಳಗೆ ಸಿಕ್ಕಾಕ್ಕೊಂಡ್ವಿ! ಜನ ನೋಡು, ಎದ್ದು ನಿಂತು ಚಪ್ಪಾಳೆ ತಟ್ತಿದಾರೆ ನಿನ್ನ ಗಾಡಿಗೆ! ನೀನೂ ಬೇಗ ಬಂದ್ಬಿಡು!"

"ಹೇಗೆ ಬರ್ಲಿ ರೋವೀನಾ? ದೂರ ಇದೆಯಲ್ಲ."

"ಅಯ್ಯೋ, ಗಾಡಿ ತಗೊಂಡು ಬಾ!"

ಎಲ್ಡನ್ ಖಾಲಿ ಗ್ಯಾರೇಜಿನ ಕಡೆ ನೋಡಿದ.

"ಓ," ಎಂದಳು ಅವಳು.

"ಪರವಾಗಿಲ್ಲ ಬಿಡು," ಎಂದ ಎಲ್ಡನ್.

"ಇಲ್ಲ ಇಲ್ಲ, ತಾಳು. ನಿಂಗೆ ಕೇಳಿಸ್ತೀನಿ. ಫೋನು ಕಿಟಕಿ ಹತ್ರ ಇಡ್ತೀನಿ, ಕೇಳ್ತಾ ಇರು." ಖಟ್ ಎಂದು ಫೋನನ್ನು ಎಲ್ಲೋ ಇಟ್ಟ ಸದ್ದು. ಆಮೇಲೆ ಬ್ಯಾಂಡು, ಶಿಳ್ಳೆ, ಚಪ್ಪಾಳೆ, ಎಲ್ಲದರ ಕೆಳಗೆ ಅವನ ಎಂಜಿನ್ನಿನ ತುಂಬು ದನಿ. ಫೋನು ಆರಿಸುವುದನ್ನು ಅವಳು ಮರೆತಿದ್ದಳು. ಎಲ್ಡನ್ ಆರಿಸಲಿಲ್ಲ. ಕಿವಿಗೊತ್ತಿಕೊಂಡು ಕೇಳುತ್ತ ಕೂತ. ಗಸ್ ಕಿಟಕಿಯಿಂದಲೇ ಸಾಸೇಜು ಮಾರುತ್ತಿದ್ದ. ರೋವೀನಾ ಏನೋ ಹೇಳಿದಳು, ಎಲ್ಲರೂ ನಕ್ಕರು. ಆಮೇಲೆ ವೆಂಡೆಲ್ ಒಂದು ದೊಡ್ಡ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು.

"ಪುಣ್ಯವಂತ ಕಣ್ರೋ ಎಲ್ಡನ್," ಎಂದ ವೆಂಡೆಲ್. "ಇಂಥದ್ದೊಂದು ಮನೇಲಿದ್ರೆ ಮನುಷ್ಯನಿಗೆ ಇನ್ಯಾರೂ ಬೇಡ."

"ಬೇಡ್ವೇ ಬೇಡ," ಎಂದ ರಾಸ್ಕೊ.

"ನಾನಿಲ್ಲೇ ಇದೀನಿ," ಎಂದ ಎಲ್ಡನ್ ಫೋನಿನೊಳಗೆ. ಅವರಿಗೆ ಕೇಳಿಸಲಿಲ್ಲ, ಅವರು ಒಳಗೆ ಕೂತಿದ್ದರು.